ಮಾರಿಯೋ ಪಾರ್ಟಿ ಡಿಎಸ್ ಆಡೋಕೆ ನಾಲ್ಕೂ ಜನರ ಹತ್ತಿರ ಗೇಮ್ ಕಾರ್ಡ್ ಇರಬೇಕಾ?

ಬೇಡ, ಗೇಮ್ ತುಂಬಿರುವ ಒಂದೇ ಕಾರ್ಡ್ ಸಾಕು. ಆದರೆ ನಾಲ್ವರ ಕೈಯಲ್ಲೂ ಒಂದೊಂದು ನಿಂಟೆಂಡೊ ಡಿಎಸ್ (ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ) ಇರಲೇಬೇಕು.

2007ರ ಈ ಗೇಮ್‌ನಲ್ಲಿ ಡೌನ್‌ಲೋಡ್ ಪ್ಲೇ ಅನ್ನೋ ಸೌಲಭ್ಯ ಇದೆ. ಕಾರ್ಡ್ ಹಾಕಿರುವ ಡಿಎಸ್, ಆಟಕ್ಕೆ ಬೇಕಾದ ಪ್ರೋಗ್ರಾಂ ಅನ್ನು ವೈರ್‌ಲೆಸ್‌ನಲ್ಲಿ ಉಳಿದ ಮೂರಕ್ಕೂ ಕಳಿಸುತ್ತದೆ. ಇಂಟರ್ನೆಟ್ ಬೇಕಿಲ್ಲ, ಹತ್ತಿರ ಕೂತರೆ ಆಯ್ತು. ಬಂದದ್ದನ್ನು ಅವು ತಮ್ಮ 4 ಎಂಬಿ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತವೆ. ಅಷ್ಟು ಚಿಕ್ಕ ಜಾಗದಲ್ಲಿ ಇಡೀ ಗೇಮ್ ಹಿಡಿಸಲ್ಲ, ಅಲ್ವಾ? ಆದರೆ ದಾಳ ಹಾಕಿ ಬೋರ್ಡ್ ಮೇಲೆ ನಡೆಯೋದು, ನಡುವೆ ಪುಟ್ಟ ಮಿನಿಗೇಮ್ ಆಡೋದು, ಹೀಗೆ ತುಂಡು ತುಂಡಾಗಿರುವ ಆಟಕ್ಕೆ ಈ ಏರ್ಪಾಡು ಚೆನ್ನಾಗಿ ಒಗ್ಗುತ್ತದೆ.

ಡಿಎಸ್ ಆಫ್ ಮಾಡಿದ ಕೂಡಲೇ ಬಂದಿದ್ದೆಲ್ಲ ಅಳಿಸಿಹೋಗುತ್ತದೆ. ಇನ್ನೊಮ್ಮೆ ಆಡಬೇಕಾದರೆ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬೇಕು.