ಮಂಡಿಯಿಂದ ಬಂದವರಿಗೆ ಹಾಡೂ ಗದ್ದಲವೇ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ. ಮದುವೆಯಾಗಿ ಐದು ವರ್ಷ. ಇವರು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಕೆಲಸದಲ್ಲಿದ್ದಾರೆ. ನಾನು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ನಾನು ಭಾವಗೀತೆ ಹಾಡುತ್ತೇನೆ, ಇವರು ಹವ್ಯಾಸಕ್ಕೆ ಯಕ್ಷಗಾನದ ಮದ್ದಳೆ ಬಾರಿಸುತ್ತಿದ್ದರು. ಹೆಣ್ಣು ನೋಡಲು ಬಂದ ದಿನ ನಾವು ಮಾತಾಡಿದ್ದೇ ಸಂಗೀತ. ಈಗ ರಾತ್ರಿ ಮನೆಗೆ ಬಂದರೂ ಫೋನಿನಲ್ಲಿ ಅಡಿಕೆ ರೇಟು. ನನ್ನ ಹತ್ತಿರ ಮಾತಿಲ್ಲ. ಶಿವಮೊಗ್ಗ ಸುಬ್ಬಣ್ಣನವರ ಹಾಡು ಹಾಕಿದರೆ 'ಸಣ್ಣಕೆ ಇಡು' ಅನ್ನುತ್ತಾರೆ. ನನ್ನ ಕೆಲಸ ಏನೆಂದೂ ಇವರಿಗೆ ಗೊತ್ತಿಲ್ಲ. ನಾನೇ ಬೇಡವಾದೆನಾ?

ಉತ್ತರ: ಹಾಗೇನೂ ಇಲ್ಲ ತಂಗಿ. ಕಾರಣ ನಿಮ್ಮ ಪತ್ರದಲ್ಲೇ ಇದೆ. ಅವರ ಕೆಲಸ ಪೂರ್ತಿ ಬಾಯಿ ಮತ್ತು ಕಿವಿಯದ್ದು. 'ರೇಟು ಇನ್ನೂ ಏರುತ್ತಾ? ಈಗಲೇ ಕೊಡಲಾ, ಕಾಯಲಾ?' ಎಂದು ಬೆಳೆಗಾರರು ಕೇಳುತ್ತಲೇ ಇರುತ್ತಾರೆ. ತೂಕ, ಚೌಕಾಸಿ, ಫೋನು. ಆಮೇಲೆ ಸುಮಾರು 60 ಕಿಲೋಮೀಟರ್ ಪ್ರಯಾಣ. ನಿಮ್ಮದು ಉಲ್ಟಾ. ದಿನವಿಡೀ ಸ್ಕ್ರೀನ್ ಎದುರು ಒಬ್ಬರೇ ಕೂತವರಿಗೆ ಸಂಜೆ ಮನುಷ್ಯರ ದನಿ ಬೇಕು. ಅವರಿಗೆ ಅದೇ ಹೊತ್ತಿಗೆ ಯಾವ ದನಿಯೂ ಬೇಡ. ಇದರಲ್ಲಿ ಪ್ರೀತಿಯ ಪ್ರಶ್ನೆ ಬರುವುದೇ ಇಲ್ಲ.

ಹಾಗಾಗಿ ಅವರು ಬಂದ ಮೊದಲ ಅರ್ಧ ಗಂಟೆ ಹಾಡೂ ಬೇಡ, ಪ್ರಶ್ನೆಯೂ ಬೇಡ. ಇದನ್ನು ಇಬ್ಬರೂ ಮಾತಾಡಿಕೊಂಡೇ ಮಾಡಿ. ನೀವೊಬ್ಬರೇ ನುಂಗಿಕೊಂಡು ಸುಮ್ಮನಿದ್ದರೆ ಅದು ಮುನಿಸಾಗುತ್ತದೆ. ಅವರ ಕಡೆಯಿಂದಲೂ ಒಂದು ಮಾತು ಸಿಗಬೇಕು: ಊಟಕ್ಕೆ ಕೂತ ಮೇಲೆ ಫೋನು ಮುಟ್ಟಬಾರದು. ಸುಗ್ಗಿಯಲ್ಲಿ ಸ್ವಲ್ಪ ರಿಯಾಯಿತಿ ಕೊಡಿ, ವರ್ಷವಿಡೀ ಅಲ್ಲ.

'ಇವತ್ತು ಕೆಲಸ ಹೇಗಿತ್ತು' ಎಂದು ಕೇಳಿದರೆ 'ಹಂಗೇ ಇತ್ತು' ಅನ್ನುತ್ತಾರೆ, ಅಲ್ವಾ? ಎಲ್ಲರ ಮನೆಯಲ್ಲೂ ಅದೇ ಉತ್ತರ. ಕೊನೆಕೊಯ್ಲು, ಸುಲಿತ, ಅಡಿಕೆ ಬೇಯಿಸುವ ಚೊಗರು ಇದೆಲ್ಲ ತೀರ್ಥಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಆದರೆ ಚೀಲ ಮಂಡಿಗೆ ಹೋದ ಮೇಲಿನ ಕಥೆ ಎಷ್ಟು ಜನರಿಗೆ ಗೊತ್ತು? 'ಸರಕು' ಅನ್ನುವ ದರ್ಜೆಯ ಅಡಿಕೆ ಯಾಕೆ ಅಷ್ಟು ತುಟ್ಟಿ, 'ಗೊರಬಲು' ದರ್ಜೆಯದ್ದು ಯಾಕೆ ಅಗ್ಗ, ಒಂದೇ ದಿನ ಬಂದ ಎರಡು ರಾಶಿ ಅಡಿಕೆಗೆ ಬೇರೆ ಬೇರೆ ರೇಟು ಯಾಕೆ ಎಂದು ಕೇಳಿ ನೋಡಿ. ನಿಜವಾಗಿ ತಿಳಿಯುವ ಆಸೆಯಿಂದ ಕೇಳಬೇಕು, ಉಪಚಾರಕ್ಕಲ್ಲ. ಗೊತ್ತಿದ್ದದ್ದನ್ನು ಹೇಳುವುದೆಂದರೆ ಗಂಡಸರಿಗೆ ಎಂದೂ ದಣಿವಿಲ್ಲ!

ನಿಮ್ಮ ಕೆಲಸವನ್ನೂ ಹೀಗೇ ಹೇಳಿ. ಸಾಫ್ಟ್‌ವೇರಿನ ಹೆಸರು ಬಿಡಿ. ಮೀಟಿಂಗಿನಲ್ಲಿ ಯಾರು ಯಾರ ಮೇಲೆ ತಪ್ಪು ಹಾಕಿದರು, ಮ್ಯಾನೇಜರ್ ಹೇಗೆ ಜಾರಿಕೊಂಡರು ಎಂದು ಹೇಳಿ. ದಿನಾ ವ್ಯಾಪಾರದ ನಡುವೆ ಇರುವವರು ಅವರು. ನಿಮ್ಮ ಮ್ಯಾನೇಜರ್ ನಿಮಗಿಂತ ಜಾಸ್ತಿ ಅವರಿಗೇ ಅರ್ಥವಾಗಬಹುದು.

ಇನ್ನು ಸಂಗೀತ. ಸುಬ್ಬಣ್ಣನವರ ಹೆಸರು ತೆಗೆದಿದ್ದೀರಿ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನವರು, ವೃತ್ತಿಯಲ್ಲಿ ವಕೀಲರಾಗಿದ್ದವರು. 'ಕಾಡು ಕುದುರೆ' ಚಿತ್ರದ ಹಾಡಿಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದವರು. ಕೆಲಸ ಇದ್ದವರಿಗೆ ಸಂಗೀತಕ್ಕೆಲ್ಲಿ ಪುರುಸೊತ್ತು ಎಂದು ನಿಮ್ಮ ಯಜಮಾನರು ಅಂದರೆ ಇದನ್ನು ಹೇಳಬಹುದು. ಜಗಳದ ಹೊತ್ತಿನಲ್ಲಿ ಮಾತ್ರ ಬೇಡ.

ಆದರೆ ಒಂದು ಯೋಚಿಸಿ. ನೀವು ಹಾಕುವುದು ನಿಮ್ಮ ಹಾಡು. ಭಾವಗೀತೆ ಹಾಡುವವರ ಜೀವ ಸಾಹಿತ್ಯದಲ್ಲಿ, ಮದ್ದಳೆಯವರ ಜೀವ ತಾಳದಲ್ಲಿ. ಬಾರಿಸುವ ಕೈಗೆ ಸುಮ್ನೆ ಕೂತು ಕೇಳಿದರೆ ಅರ್ಧ ಸುಖವೂ ಇಲ್ಲ. ಅವರ ಮದ್ದಳೆ ಈಗ ಎಲ್ಲಿದೆ? ಪತ್ರದಲ್ಲಿ ನೀವು ಬರೆದಿಲ್ಲ. ಅಟ್ಟದಲ್ಲಿದ್ದರೆ ಕೆಳಗಿಳಿಸಲು ಹೇಳಿ. ನಮ್ಮ ಮಳೆಗಾಲದ ಥಂಡಿಗೆ ಚರ್ಮ ಸಡಿಲಾಗಿರುತ್ತದೆ, ಶ್ರುತಿ ಮಾಡಿಕೊಳ್ಳಲು ಅವರಿಗೂ ಹೊತ್ತು ಬೇಕು. 'ಯಾಕೆ ಬಾರಿಸೋದು ಬಿಟ್ರಿ' ಎಂದು ಕೇಳಬೇಡಿ, ಅದು ದೂರಿನಂತೆ ಕೇಳಿಸುತ್ತದೆ. 'ಝಂಪೆ ತಾಳಕ್ಕೂ ರೂಪಕ ತಾಳಕ್ಕೂ ಏನು ವ್ಯತ್ಯಾಸ, ತೋರಿಸಿ' ಅನ್ನಿ. ಕೈಯಲ್ಲಿ ತಾಳ ಹಾಕಿ, ತಪ್ಪಿದರೆ ಅವರೇ ತಿದ್ದುತ್ತಾರೆ. ನಿಮ್ಮ ಹಾಡಿಗೆ ಅವರನ್ನು ಜೊತೆ ಮಾಡಿಕೊಳ್ಳುವ ಮಾತು ಆಮೇಲೆ ಇರಲಿ.

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ನಮ್ಮ ಕಡೆ ತಾಳಮದ್ದಳೆ ಕೂಟಗಳು ಶುರುವಾಗುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಚೆಂಡೆ, ಮದ್ದಳೆ, ಪಾತ್ರವಾಗಿ ಕೂತು ಮಾತಾಡುವ ಅರ್ಥಧಾರಿಗಳ ವಾದ. ಮಾತು ಬೇಕೆನ್ನುವ ನಿಮಗೂ ತಾಳ ಬೇಕೆನ್ನುವ ಅವರಿಗೂ ಅಲ್ಲಿ ಬೇಕಾದಷ್ಟು ಸಿಗುತ್ತದೆ. ದಾರಿಯಲ್ಲಿ ಯಾವ ಪ್ರಸಂಗ, ಏನು ಕಥೆ ಎಂದು ಅವರಿಂದಲೇ ಕೇಳಿಸಿಕೊಳ್ಳಿ. ವಾಪಸ್ ಬರುವಾಗ ಯಾರ ಅರ್ಥ ಗೆದ್ದಿತು ಎಂದು ಇಬ್ಬರೂ ಜಗಳ ಆಡಿ. ಕೂಟ ರಾತ್ರಿಯದ್ದಾದರೆ ಮಾರನೇ ದಿನಕ್ಕೆ ಮೊದಲೇ ರಜೆ ಹಾಕಿರಿ, ನಿಮ್ಮ ಆ ಮ್ಯಾನೇಜರ್ ಬೆಳಿಗ್ಗೆಯೇ ಮೀಟಿಂಗ್ ಇಟ್ಟಾರು.