ಗಿಡಮೂಲಿಕೆ ಅಲ್ವಾ, ಏನಾಗುತ್ತೆ?

ಪ್ರಶ್ನೆ: ಕೊರೊನಾ ಕಾಲದಿಂದ ನಮ್ಮತ್ತೆ ದಿನಕ್ಕೆ ನಾಲ್ಕು ಸಲ ಅಮೃತಬಳ್ಳಿ ಕಷಾಯ ಕುಡಿಯುತ್ತಾರೆ. ಶುಗರ್ ಮಾತ್ರೆಯೂ ಇದೆ. ಬೇಡ ಅಂದರೆ ಕೇಳಲ್ಲ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ಅವರ ನಂಬಿಕೆ ನನಗೆ ಅರ್ಥವಾಗುತ್ತದೆ. 2020ರಲ್ಲಿ ಲಸಿಕೆ ಇರಲಿಲ್ಲ, ಕೈಗೆ ಸಿಕ್ಕಿದ್ದು ಹಿತ್ತಲಿನ ತುಳಸಿ, ಡಬ್ಬದಲ್ಲಿದ್ದ ಮೆಣಸು, ಶುಂಠಿ. ಆಯುಷ್ ಸಚಿವಾಲಯವೂ ಇವನ್ನು ಕುದಿಸಿ ಕುಡಿಯಿರಿ ಎಂದಿತ್ತು, ಆದರೆ ದಿನಕ್ಕೆ ಒಂದೋ ಎರಡೋ ಸಲ ಅಷ್ಟೇ. ನಮ್ಮ ಮನೆಯಲ್ಲಂತೂ ಕಷಾಯದ ಪಾತ್ರೆ ತಳ ಕಪ್ಪಾದರೂ ಒಲೆಯಿಂದ ಇಳಿಯುತ್ತಿರಲಿಲ್ಲ, ಕೊನೆಗೆ ಅಮ್ಮನಿಗೆ ಎದೆಯುರಿ ಶುರುವಾಯಿತು.

ಗಂಟಲಿಗೆ ಹಿತ ಅನ್ನಿಸುವುದು ನಿಜ. ಕೊರೊನಾ ತಡೆಯುತ್ತದೆ ಅನ್ನುವುದಕ್ಕೆ ಮಾತ್ರ ಪುರಾವೆ ಇಲ್ಲ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಜನರಿಗೆ ಲಿವರ್ ತೊಂದರೆಯಾಗಿದ್ದನ್ನು ವರದಿ ಮಾಡಿದರು. ಸಚಿವಾಲಯ ಒಪ್ಪಲಿಲ್ಲ, ಅದೇ ಥರ ಕಾಣುವ ಬೇರೆ ಬಳ್ಳಿ ಇರಬಹುದು ಎಂದಿತು. ಹಾಗಾದರೆ ನಿಮ್ಮತ್ತೆ ಕೀಳುವ ಬಳ್ಳಿ ಯಾವುದು? ಅದನ್ನೂ ನೋಡಬೇಕಲ್ವಾ!

ಜಗಳ ಬೇಡ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ ಚೀಟಿಯ ಜೊತೆ ಕಷಾಯದ ವಿಷಯವನ್ನೂ ಹೇಳಿ, ಅಮೃತಬಳ್ಳಿ ಸಕ್ಕರೆ ಅಂಶ ಇನ್ನೂ ಇಳಿಸಬಹುದು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಕಷಾಯ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.