ಹಳೆಯ ಥಾರ್‌ನ ಟರ್ಬೊ ಕೀರಲು ಶಬ್ದ ಮಾಡುತ್ತಿದೆ, ಬದಲಾಯಿಸಲೇಬೇಕಾ?

ನಿಮ್ಮ ಪ್ರಶ್ನೆ ಓದಿದೆ. 2013ರ ಥಾರ್ ಸಿಆರ್‌ಡಿಇ, ಅಂದರೆ ಡೀಸೆಲ್ ಇಂಜಿನ್‌ನ ಜೀಪು, ಸಕಲೇಶಪುರದ ಕಡೆ ಎಸ್ಟೇಟ್ ರಸ್ತೆಗಳಲ್ಲೇ ಜಾಸ್ತಿ ಓಡಾಟ. ಶಿರಾಡಿ ಘಾಟಿ ಹತ್ತುವಾಗ ಬಾನೆಟ್ ಒಳಗಿಂದ ಕೀರಲು ಶಬ್ದ, ಪಿಕಪ್ ಕಡಿಮೆ, ಹಿಂದೆ ಕಪ್ಪು ಹೊಗೆ. ಗ್ಯಾರೇಜಿನವರು ಟರ್ಬೊ ಹೋಗಿದೆ, ಹೊಸದು ಹಾಕಿಸಿ ಅಂದಿದ್ದಾರೆ. ಇನ್ನೂ ಹಾಕಿಸಿಲ್ಲ ಅಲ್ವಾ? ಸ್ವಲ್ಪ ತಡೆಯಿರಿ. ನೀವು ಬರೆದಿರುವುದನ್ನು ನೋಡಿದರೆ ನನ್ನ ಮೊದಲ ಅನುಮಾನ ಟರ್ಬೊ ಮೇಲಲ್ಲ, ಅದರಿಂದ ಇಂಜಿನ್‌ಗೆ ಗಾಳಿ ಒಯ್ಯುವ ಹೋಸ್ ಮೇಲೆ.

ಯಾಕೆ ಅಂತ ಹೇಳುತ್ತೇನೆ. ಇಂಜಿನ್‌ನಿಂದ ಹೊರಬರುವ ಬಿಸಿ ಹೊಗೆ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯಲ್ಲಿರುವ ಚಕ್ರ ಗಾಳಿಯನ್ನು ಎಳೆದು, ಒತ್ತಿ, ಆ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಮೂಲಕ ಇಂಜಿನ್‌ಗೆ ತಳ್ಳುತ್ತದೆ. ಗಾಡಿಗೆ ಲೋಡ್ ಬಿದ್ದಾಗ ಆ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತು ದಾಟುತ್ತದೆ. ದಾರಿಯಲ್ಲಿ ಎಲ್ಲಾದರೂ ಹೋಸ್ ಸೀಳಿದ್ದರೆ, ಕ್ಲಾಂಪ್ ಸಡಿಲವಾಗಿದ್ದರೆ, ಒತ್ತಿದ ಗಾಳಿ ಅಲ್ಲಿಂದ ಶಿಳ್ಳೆ ಹೊಡೆಯುತ್ತ ಹೊರಗೆ ನುಗ್ಗುತ್ತದೆ. ಇಂಜಿನ್‌ಗೆ ಗಾಳಿ ಸಾಲುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಹಾಗಾಗಿ ಕಪ್ಪು ಹೊಗೆ, ಹಾಗಾಗಿ ಪಿಕಪ್ ಇಲ್ಲ. ನಿಮ್ಮ ಗಾಡಿಯಲ್ಲಿ ಈ ಮೂರೂ ಒಟ್ಟಿಗೆ ಇವೆ.

ಶಬ್ದ ಯಾವಾಗ ಬರುತ್ತದೆ ಅನ್ನುವುದನ್ನು ಮೊದಲು ಗಮನಿಸಿ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಂದು, ಆಮೇಲೆ ನಿಂತುಹೋದರೆ ಅಥವಾ ಎಸಿ ಹಾಕಿದಾಗ ಜಾಸ್ತಿಯಾದರೆ ಅದು ಬೆಲ್ಟ್. ಇಂಜಿನ್ ತಣ್ಣಗಿದ್ದಾಗ ಟಿಕ್ ಟಿಕ್ ಅಂದು, ಬಿಸಿಯಾದಂತೆ ಕಡಿಮೆಯಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್‌ನಿಂದ ಹೊಗೆ ಹೊರಬರುವ ಕೊಳವೆ) ಗ್ಯಾಸ್ಕೆಟ್ ನೋಡಿ. ಲೀಕ್ ಇರುವ ಕಡೆ ಕಪ್ಪು ಮಸಿ ಹಿಡಿದಿರುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು, ಕಾಲು ತೆಗೆದ ತಕ್ಷಣ ನಿಂತರೆ ಗಾಳಿ ಲೀಕ್ ಇರುವ ಸಾಧ್ಯತೆ ಹೆಚ್ಚು. ಟರ್ಬೊನೇ ಕೆಟ್ಟಿದ್ದರೆ ಶಬ್ದ ಬೇರೆ ಥರ ಇರುತ್ತದೆ. ಪೊಲೀಸ್ ಸೈರನ್ ಹಾಗೆ ಏರುತ್ತದೆ. ಕಾಲು ತೆಗೆದ ಮೇಲೂ ಶಾಫ್ಟ್ ನಿಧಾನವಾಗುವ ತನಕ ಸ್ವಲ್ಪ ಎಳೆದುಕೊಂಡು ಇಳಿಯುತ್ತದೆ. ಇನ್ನೊಂದು ಮಾತು. ಗ್ಯಾರೇಜಿನಲ್ಲಿ ನಿಲ್ಲಿಸಿ ಸುಮ್ನೆ ರೇಸ್ ಕೊಟ್ಟರೆ ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಅಷ್ಟಾಗಿ ಏಳುವುದಿಲ್ಲ. ಲೀಕ್ ಶಬ್ದ ಕೇಳಿಸದೇ ಹೋಗಬಹುದು. ಮೆಕ್ಯಾನಿಕ್‌ನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಏರು ಹತ್ತಿಸಿ ತೋರಿಸಿ.

ಈಗ ಹೋಸ್ ವಿಷಯ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಹೋಗುವ ಎಲ್ಲ ಹೋಸ್‌ಗಳ ಮೇಲೂ ಕೈಯಾಡಿಸಿ. ಕೆಳಭಾಗವನ್ನು ಬಿಡಬೇಡಿ, ಸೀಳು ಕಣ್ಣಿಗೆ ಕಾಣದ ಕಡೆಯೇ ಇರುತ್ತದೆ. ಹೋಸ್ ಹಿಂಡಿ ನೋಡಿ. ಹಳೆಯ ರಬ್ಬರ್ ಮೇಲಿಂದ ಚೆನ್ನಾಗಿ ಕಂಡರೂ ಹಿಂಡಿದಾಗ ಬಾಯಿ ಬಿಡುತ್ತದೆ. ಎಸ್ಟೇಟ್ ರಸ್ತೆಯ ಕುಲುಕಾಟಕ್ಕೆ ಕ್ಲಾಂಪ್ ಸಡಿಲವಾಗುವುದು, ಹೋಸ್ ಯಾವುದೋ ಬ್ರಾಕೆಟ್‌ಗೆ ಉಜ್ಜಿ ತೂತಾಗುವುದು ಮಾಮೂಲು. ಲೀಕ್ ಇರುವಲ್ಲಿ ಎಣ್ಣೆ ಜಿಡ್ಡಿನ ಮೇಲೆ ಧೂಳು ಕೂತು ಕಪ್ಪಗಾಗಿರುತ್ತದೆ. ಅದೇ ನಿಮಗೆ ಗುರುತು.

ಕೈಗೆ ಸಿಗದಿದ್ದರೆ ಪ್ರೆಶರ್ ಟೆಸ್ಟ್ ಮಾಡಿಸಿ. ಏರ್ ಫಿಲ್ಟರ್‌ನಿಂದ ಟರ್ಬೊಗೆ ಬರುವ ಹೋಸ್ ಬಿಚ್ಚಿ, ಟರ್ಬೊ ಬಾಯಿಗೆ ಒಂದು ಮುಚ್ಚಳ ಬಿಗಿದು, ಅದಕ್ಕೆ ಟೈರ್ ವಾಲ್ವ್ ಕೂರಿಸಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದ್ದರೆ ಸಾಕು. ನಿಧಾನವಾಗಿ 10 ಪಿಎಸ್‌ಐ ತುಂಬಿ, 15 ದಾಟಿಸಬೇಡಿ. ಮುಚ್ಚಳ ಹಾರಿ ಬಂದರೆ ಪೆಟ್ಟಾಗುತ್ತದೆ, ಎದುರಿಗೆ ಮುಖ ಇಡಬೇಡಿ. ಸೋಪಿನ ನೀರು ಹಾಕುತ್ತ ಹೋಗಿ, ಗುಳ್ಳೆ ಎದ್ದ ಕಡೆ ಲೀಕ್. ಇಂಜಿನ್ ಆಯಿಲ್ ಹಾಕುವ ಬಾಯಿಯಿಂದ ಸ್ವಲ್ಪ ಗಾಳಿ ಬಂದರೆ ಗಾಬರಿ ಬೇಡ. ತೆರೆದಿರುವ ವಾಲ್ವ್ ಮೂಲಕ ಒಂದಿಷ್ಟು ಗಾಳಿ ಸಿಲಿಂಡರ್‌ಗೆ ಹೋಗಿ, ಪಿಸ್ಟನ್ ರಿಂಗ್ ದಾಟಿ ಅಲ್ಲಿಗೆ ಬರುತ್ತದೆ.

ಆ ಹೋಸ್ ಹೇಗೂ ಬಿಚ್ಚಿರುತ್ತೀರಿ, ಶಾಫ್ಟ್‌ನ್ನೂ ನೋಡಿಬಿಡಿ. ಕೈಯಿಂದ ತಿರುಗಿಸಿದರೆ ಚಕ್ರ ಸಲೀಸಾಗಿ ತಿರುಗಬೇಕು. ಮೇಲೆ ಕೆಳಗೆ ಸ್ವಲ್ಪ ಅಲುಗಾಡುವುದು ಸಹಜ, ಯಾಕೆಂದರೆ ಈ ಬೇರಿಂಗ್ ಎಣ್ಣೆಯ ಪದರದ ಮೇಲೆ ತೇಲುತ್ತದೆ. ಇದನ್ನೇ ತೋರಿಸಿ “ಪ್ಲೇ ಬಂದಿದೆ” ಅಂತ ಒಳ್ಳೆಯ ಟರ್ಬೊಗಳನ್ನು ಎಸೆಸುತ್ತಾರೆ, ನನಗೆ ನಿಜಕ್ಕೂ ಬೇಸರವಾಗುವ ವಿಷಯ ಅದು. ಆದರೆ ಹಿಂದೆ ಮುಂದೆ ಎಳೆದಾಗ ಕೈಗೆ ಸ್ಪಷ್ಟವಾಗಿ ಪ್ಲೇ ತಿಳಿಯಬಾರದು. ಒಂದು ಬದಿಗೆ ಒತ್ತಿ ತಿರುಗಿಸಿದಾಗ ರೆಕ್ಕೆಗಳು ಹೌಸಿಂಗ್‌ಗೆ ತಾಗಲೂ ಬಾರದು. ಉಜ್ಜಿದ ಗುರುತು, ಮುರಿದ ಅಥವಾ ಸವೆದ ರೆಕ್ಕೆ ಕಂಡರೆ ನಿಮ್ಮ ಗ್ಯಾರೇಜಿನವರು ಹೇಳಿದ್ದೇ ಸರಿ. ರೆಕ್ಕೆಯ ಅಂಚು ಸವೆದಿದ್ದರೆ ಏರ್ ಫಿಲ್ಟರ್ ಪಕ್ಕದಿಂದ ಧೂಳು ನುಸುಳುತ್ತಿದೆ ಎಂದೂ ಅರ್ಥ.

ಹೋಸ್ ಒಳಗೆ ತೆಳುವಾದ ಎಣ್ಣೆ ಜಿಡ್ಡು ಇದ್ದರೆ ಚಿಂತೆ ಇಲ್ಲ. ಬಗ್ಗಿಸಿದರೆ ಎಣ್ಣೆ ಸುರಿಯುವಷ್ಟಿದ್ದು, ಹೊಗೆ ನೀಲಿಯಾಗಿದ್ದರೆ ಗಾಡಿಯನ್ನು ಓಡಿಸಲೇಬೇಡಿ. ಟರ್ಬೊ ಸೀಲ್ ಹೋದರೆ ಡೀಸೆಲ್ ಇಂಜಿನ್ ತನ್ನ ಎಣ್ಣೆಯನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ರೇಸ್ ಆಗುತ್ತ ಹೋಗಬಹುದು. ಹಾಗೇನಾದರೂ ಆದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ದೊಡ್ಡ ಗೇರ್ ಹಾಕಿ, ಕ್ಲಚ್ ಬಿಟ್ಟು ಇಂಜಿನ್ ಆಫ್ ಮಾಡಿಸಬೇಕು. ಗಾಳಿ ಬಾಯಿಗೆ ಕೈ ಅಡ್ಡ ಇಡಲೇಬಾರದು.

ಟರ್ಬೊ ನಿಜವಾಗಿಯೂ ಹೋಗಿದ್ದರೆ, ಯಾಕೆ ಹೋಯಿತು ಎಂದು ತಿಳಿಯದೆ ಹೊಸದು ಹಾಕಿಸಬೇಡಿ. ಬಹಳ ಸಲ ಕಾರಣ ಎಣ್ಣೆಯೇ. ಘಾಟಿ ಹತ್ತಿ ಬಂದ ಕೂಡಲೇ ಇಂಜಿನ್ ಆಫ್ ಮಾಡಿದರೆ ಬಿಸಿಗೆ ಒಳಗಿನ ಎಣ್ಣೆ ಸುಟ್ಟು ಇದ್ದಿಲಾಗುತ್ತದೆ. ಎಣ್ಣೆ ಬರುವ ಸಣ್ಣ ಪೈಪ್ ಕಟ್ಟಿಕೊಳ್ಳುತ್ತದೆ. ಆ ಪೈಪ್ ಬದಲಾಯಿಸಿ. ವಾಪಸ್ ಹೋಗುವ ದಪ್ಪ ಪೈಪ್ ಸ್ವಚ್ಛವಾಗಿದೆಯೇ ನೋಡಿ. ಆಯಿಲ್, ಫಿಲ್ಟರ್ ಹೊಸದಿರಲಿ. ಎಣ್ಣೆ ಪೈಪ್‌ನ ಜಾಯಿಂಟ್‌ಗೆ ಸಿಲಿಕೋನ್ ಪೇಸ್ಟ್ ಹಚ್ಚಲು ಬಿಡಬೇಡಿ, ಅದರ ತುಣುಕು ದಾರಿ ಮುಚ್ಚಿಬಿಡುತ್ತದೆ. ಹೌಸಿಂಗ್ ಚೆನ್ನಾಗಿದ್ದರೆ ಕೋರ್ (ಶಾಫ್ಟ್, ಚಕ್ರ, ಬೇರಿಂಗ್ ಇರುವ ಒಳಭಾಗ) ಮಾತ್ರ ಬದಲಾಯಿಸಬಹುದು, ಖರ್ಚು ಕಡಿಮೆ. ಜೋಡಿಸುವಾಗ ಎಣ್ಣೆ ತೂತಿಗೆ ಹೊಸ ಆಯಿಲ್ ಸುರಿದು, ಚಕ್ರವನ್ನು ಕೈಯಿಂದ ತಿರುಗಿಸಿ. ಮೊದಲ ಸ್ಟಾರ್ಟ್ ಆದ ಮೇಲೆ ಕೆಲವು ನಿಮಿಷ ಐಡ್ಲಿಂಗ್‌ನಲ್ಲೇ ಬಿಡಿ. ಆ ಹೊತ್ತಿನಲ್ಲಿ ಯಾರೂ ರೇಸ್ ಕೊಡದಂತೆ ನೀವೇ ಪಕ್ಕದಲ್ಲಿ ನಿಲ್ಲಿ.